ಮಳೆಗಾಲದ ಸ್ಪ್ರೇ, ಬೆಳ್ಳಗಾದ ಬೊಂಬೆಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಎರಡು ಅಂಗುಲ ಎತ್ತರದ ರೆಸಿನ್ ಬೊಂಬೆಗಳಿಗೆ ಬಣ್ಣ ಹಚ್ಚುವುದು ನನ್ನ ಹವ್ಯಾಸ. ಮೂರು ವಾರ ಕುಳಿತು ಮುಗಿಸಿದ ಆರು ಕುದುರೆ ಸವಾರರಿಗೆ, ಜುಲೈ ತಿಂಗಳಲ್ಲಿ ಮಳೆ ಬಿಟ್ಟಿದ್ದ ಒಂದು ಸಂಜೆ ತಾರಸಿಯ ಮೇಲೆ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಸ್ಪ್ರೇ ಮಾಡಿದೆ. ಹತ್ತೇ ನಿಮಿಷಗಳಲ್ಲಿ ಕಪ್ಪು ಕುದುರೆಗಳೆಲ್ಲ ಬೂದಿ ಬಳಿದಂತಾದವು. ಮಳೆಯೇ ಇಲ್ಲದಿದ್ದಾಗ ಹೀಗೇಕಾಯಿತು? ಇವನ್ನು ಉಳಿಸಿಕೊಳ್ಳಬಹುದೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಮಳೆ ನಿಂತಿತ್ತು, ಗಾಳಿ ಒಣಗಿರಲಿಲ್ಲ. ಆಟಿ ತಿಂಗಳ ಮಳೆಯ ದಿನಗಳಲ್ಲಿ ಜಗಲಿಯಲ್ಲಿ ಹರವಿದ ಬಟ್ಟೆಯನ್ನು ಎರಡು ದಿನವಾದರೂ ಹಸಿಯಾಗಿಯೇ ಇರಿಸುವ ತೇವಾಂಶ ನಿಮ್ಮ ಕುದುರೆಗಳನ್ನೂ ಬಿಟ್ಟಿಲ್ಲ. ಉಷ್ಣತೆ 28 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ ಶೇ. 90 ಇರುವಾಗ ಯಾವುದೇ ವಸ್ತುವಿನ ಮೈ ಸುಮಾರು 26 ಡಿಗ್ರಿಗೆ ಇಳಿದರೆ ಸಾಕು, ಅದರ ಮೇಲೆ ಇಬ್ಬನಿ ಕಟ್ಟುತ್ತದೆ, ಆರ್ದ್ರತೆ ಶೇ. 60 ಇದ್ದರೆ 19-20 ಡಿಗ್ರಿಯವರೆಗೆ ಇಳಿಯಬೇಕಾಗುತ್ತದೆ. ಡಬ್ಬಿಯಿಂದ ನುಗ್ಗುವ ಅನಿಲ ಹಿಗ್ಗುವಾಗಲೂ ವಾರ್ನಿಷಿನ ದ್ರಾವಕ ಆವಿಯಾಗುವಾಗಲೂ ಶಾಖವನ್ನು ಹೀರಿಕೊಳ್ಳುವುದರಿಂದ, ಹಸಿ ಪದರವು ಸುತ್ತಲಿನ ಗಾಳಿಗಿಂತ ಎರಡು ಮೂರು ಡಿಗ್ರಿ ತಣ್ಣಗಾಗುವುದು ಏನೇನೂ ಕಷ್ಟವಲ್ಲ. ಹೀಗೆ ಸೇರಿದ ನೀರಿನ ಸೂಕ್ಷ್ಮ ಹನಿಗಳು ಪದರವು ಪಾರದರ್ಶಕವಾಗಿ ಕೂಡಿಕೊಳ್ಳಲು ಬಿಡುವುದಿಲ್ಲ. ಬೆಳಕು ಅಲ್ಲಿ ಚದುರಿ ನಮಗೆ ಬಿಳುಪು ಕಾಣುತ್ತದೆ. ಮರದ ಪೀಠೋಪಕರಣಗಳಿಗೆ ಪಾಲಿಶ್ ಮಾಡುವವರು ಮಳೆಗಾಲದಲ್ಲಿ ಲ್ಯಾಕರ್ ಕೆಲಸಕ್ಕೆ ಹಿಂದೆಮುಂದೆ ನೋಡುವುದೂ ಇದೇ ಕಾರಣಕ್ಕೆ.

ನಿಮ್ಮ ಬೊಂಬೆಗಳು ಹಾಳಾಗಿಲ್ಲ, ಏಕೆಂದರೆ ಬಿಳುಪು ಇರುವುದು ವಾರ್ನಿಷಿನಲ್ಲಿಯೇ ಹೊರತು ಕೆಳಗಿನ ಬಣ್ಣದಲ್ಲಲ್ಲ. ಮೊದಲು ಒಂದೇ ಒಂದು ಬೊಂಬೆಯ ಮೇಲೆ, ಕಣ್ಣಿಗೆ ಬೀಳದ ಕಡೆ, ಹೊಳಪಿನ ಅಕ್ರಿಲಿಕ್ ವಾರ್ನಿಷನ್ನು ಕುಂಚದಿಂದ ತೆಳುವಾಗಿ ಹಚ್ಚಿ ನೋಡಿ. ಅದು ಒರಟಾದ ಮೇಲ್ಮೈಯ ಸಂದುಗಳನ್ನು ತುಂಬುವುದರಿಂದ ಹಲವು ಬಾರಿ ಬಣ್ಣ ಮತ್ತೆ ಎದ್ದು ಕಾಣುತ್ತದೆ. ಪೂರ್ತಿ ಒಣಗಿದ ಮೇಲೆ ಮ್ಯಾಟ್ ವಾರ್ನಿಷನ್ನೂ ಕುಂಚದಿಂದಲೇ ಹಚ್ಚಬಹುದು. ಥಿನ್ನರ್‌ನಿಂದ ಒರೆಸುವ ಯೋಚನೆಯನ್ನಂತೂ ಮಾಡಬೇಡಿ. ವಾರ್ನಿಷಿನೊಂದಿಗೆ ಮೂರು ವಾರಗಳ ದುಡಿಮೆಯೂ ಬಟ್ಟೆಗೆ ಅಂಟಿಕೊಂಡು ಬರುತ್ತದೆ. ಇನ್ನೊಂದು ಮಾತು: ಮ್ಯಾಟ್ ವಾರ್ನಿಷಿನಲ್ಲಿ ಹೊಳಪು ತಗ್ಗಿಸುವ ಪುಡಿ ಇರುತ್ತದೆ. ಡಬ್ಬಿಯನ್ನು ಸರಿಯಾಗಿ ಅಲುಗಾಡಿಸದಿದ್ದರೆ ಅಥವಾ ಪದರ ದಪ್ಪವಾದರೆ ಒಣ ಹವೆಯಲ್ಲಿಯೂ ಬಿಳುಪು ಮೂಡಬಹುದಾದ್ದರಿಂದ ಎಲ್ಲ ತಪ್ಪನ್ನೂ ಮಳೆಗಾಲದ ಮೇಲೆ ಹೊರಿಸುವಂತಿಲ್ಲ.

ಪ್ರಶ್ನೆ: ಹಾಗಾದರೆ ಬೊಂಬೆಗಳನ್ನು ಏಸಿ ಕೋಣೆಯಲ್ಲಿಟ್ಟು, ಹೊರಗೆ ತಂದು ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳಪದರ) ಸ್ಪ್ರೇ ಮಾಡಿದರೆ ಸರಿಹೋಗುವುದೇ?
– ಓದುಗರೊಬ್ಬರು, ಉಡುಪಿ

ಉತ್ತರ: ಇದು ಸಮಸ್ಯೆಯನ್ನು ಹೆಚ್ಚಿಸುವ ಉಪಾಯ. ಏಸಿ ಕಾರಿನಿಂದ ಇಳಿದೊಡನೆ ಕನ್ನಡಕ ಮಬ್ಬಾಗುವುದನ್ನು ನೀವು ಕಂಡಿರಬಹುದು. ತಣ್ಣಗಿನ ಬೊಂಬೆಯೂ ಹೊರಗೆ ಬಂದೊಡನೆ ಹಾಗೆಯೇ ತೇವಗೊಳ್ಳುತ್ತದೆ, ಪ್ರೈಮರ್ ಕೂರುವುದು ಆ ನೀರಿನ ಮೇಲೆ. ಬಾಗಿಲು ಮುಚ್ಚಿದ ಏಸಿ ಕೋಣೆಯೊಳಗೇ ಸ್ಪ್ರೇ ಮಾಡುವುದಂತೂ ಕೂಡದು, ಏಕೆಂದರೆ ಡಬ್ಬಿಯ ಅನಿಲವೂ ದ್ರಾವಕದ ಆವಿಯೂ ಸಾಮಾನ್ಯವಾಗಿ ಬೇಗ ಹೊತ್ತಿಕೊಳ್ಳುವಂಥವು. ಬೊಂಬೆಯನ್ನು ತಣ್ಣಗಾಗಿಸುವ ಬದಲು ಹೇರ್ ಡ್ರೈಯರ್‌ನಿಂದ ದೂರ ಹಿಡಿದು ಸ್ವಲ್ಪ ಬೆಚ್ಚಗೆ ಮಾಡಿ. ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕೆಲವು ನಿಮಿಷ ನಿಲ್ಲಿಸಬಹುದು, ಆದರೆ ಬಿಸಿನೀರು, ಒಲೆ, ಬಿಸಿಲು ಯಾವುದೂ ಬೇಡ. 50 ಡಿಗ್ರಿ ಮೀರಬಾರದೆಂಬ ಎಚ್ಚರಿಕೆ ಡಬ್ಬಿಯ ಮೇಲೆಯೇ ಇರುತ್ತದೆ. ಎರಡು ನಿಮಿಷ ಅಲುಗಾಡಿಸಿ, 20-25 ಸೆಂ.ಮೀ. ದೂರದಿಂದ, ಬೊಂಬೆಯ ಆಚೆ ಆರಂಭಿಸಿ ಈಚೆ ಮುಗಿಯುವಂತೆ ತೆಳುವಾಗಿ ಬೀಸಿರಿ. ಕೆಲವು ನೂರು ರೂಪಾಯಿಗೆ ಸಿಗುವ ಆರ್ದ್ರತಾ ಮಾಪಕವನ್ನು ಕೊಂಡು, ಅದು ಶೇ. 65 ದಾಟಿದ ದಿನ ಡಬ್ಬಿಯನ್ನು ಮುಟ್ಟದಿರುವುದು ನನ್ನ ಪದ್ಧತಿ. ಉಡುಪಿಯಲ್ಲಿ ಹಾಗೆ ಕಾದರೆ ಸೆಪ್ಟೆಂಬರ್ ದಾಟಬೇಕಾಗುತ್ತದೆ ಎಂದು ನೀವು ನಗಬಹುದು. ಅದಕ್ಕಾಗಿಯೇ ಮಳೆಗಾಲಕ್ಕೆ ಕುಂಚದಿಂದ ಹಚ್ಚುವ ಪ್ರೈಮರ್ ಒಳ್ಳೆಯದು. ಪ್ರೈಮರ್ ಕೆಟ್ಟರೆ ಉಜ್ಜಿ ಮತ್ತೆ ಹಚ್ಚಬಹುದು. ಮುಗಿದ ಬಣ್ಣದ ಮೇಲಿನ ವಾರ್ನಿಷಿಗೆ ಆ ಅವಕಾಶವಿಲ್ಲವಾದ್ದರಿಂದ, ಒಂದನ್ನೇ ಮುಂದೂಡುವುದಾದರೆ ವಾರ್ನಿಷನ್ನು ಮುಂದೂಡಿ.

ಪ್ರಶ್ನೆ: ಏರ್‌ಬ್ರಷ್‌ನಿಂದ (ಗಾಳಿಯ ಒತ್ತಡದಿಂದ ಬಣ್ಣ ಚಿಮ್ಮಿಸುವ ಪುಟ್ಟ ಸಾಧನ) ನೀರು ಆಧಾರಿತ ಪ್ರೈಮರ್ ಹಾಕುವಾಗ ನಡುನಡುವೆ ನೀರಿನ ಹನಿಗಳು ಸಿಡಿಯುತ್ತವೆ. ಬಣ್ಣ ತೆಳುವಾಯಿತೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹೆಚ್ಚಾಗಿ ಅದು ಏರ್‌ಬ್ರಷ್‌ಗೆ ಗಾಳಿಯನ್ನು ಒತ್ತಿ ಕೊಡುವ ಕಂಪ್ರೆಸರಿನ ನೀರು. ಒತ್ತಿದ ಗಾಳಿ ಬಿಸಿಯಾಗಿ, ಮುಂದೆ ಟ್ಯಾಂಕು, ಕೊಳವೆಗಳಲ್ಲಿ ತಣಿಯುವಾಗ ತೇವಾಂಶವನ್ನು ನೀರಾಗಿ ಬಿಡುತ್ತದೆ. ಏರ್‌ಬ್ರಷ್‌ಗೆ ಹತ್ತಿರದಲ್ಲಿ ನೀರು ಹಿಡಿಯುವ ಫಿಲ್ಟರ್ ಜೋಡಿಸಿ, ಪ್ರತಿ ದಿನದ ಕೆಲಸ ಮುಗಿದ ಮೇಲೆ ಟ್ಯಾಂಕಿನ ತಳದ ತಿರುಪು ಸಡಿಲಿಸಿ ನೀರನ್ನು ಹೊರಬಿಡಿ. ಮಳೆಗಾಲದಲ್ಲಿ ಪ್ರೈಮರ್ ಒಣಗಲು ಮಾಮೂಲಿಗಿಂತ ಬಹಳ ಹೊತ್ತು ಹಿಡಿಯುವುದರಿಂದ, ಒಂದು ರಾತ್ರಿ ಕಳೆಯುವವರೆಗೆ ಅದರ ಮೇಲೆ ಬಣ್ಣ ಹಚ್ಚಬೇಡಿ.