ಕಲಿತ ಹುಡುಗ ಚಾಕಣಕ್ಕೆ ಹೋಗುವುದೇಕೆ?

ಪುಣೆಯ ಭೋಸರಿಯಲ್ಲಿ ಇಪ್ಪತ್ತು ಜನರ ಮಷಿನ್ ಶಾಪ್ ನಡೆಸುವ ಓದುಗರೊಬ್ಬರು ಬರೆದಿದ್ದಾರೆ: "ಐಟಿಐ ಮುಗಿಸಿದ ಹುಡುಗರಿಗೆ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಲೋಹ ಕೊರೆಯುವ ಯಂತ್ರ) ಕಲಿಸುತ್ತೇನೆ. ಕೈ ಪಳಗಿತು ಅನ್ನುವಷ್ಟರಲ್ಲಿ ಚಾಕಣದ ದೊಡ್ಡ ಕಾರ್ಖಾನೆ ಸೇರುತ್ತಾರೆ. ಜರ್ಮನಿಯೂ ಬಂಡವಾಳಶಾಹಿ ದೇಶವೇ. ಅಲ್ಲಿನ ಮಾಲೀಕರಿಗೆ ಕಲಿಸುವುದು ಹೇಗೆ ಗಿಟ್ಟುತ್ತದೆ?"

ಮಾನ್ಯರೇ, ನಿಮ್ಮ ಸಂಕಟ ನಿಜ. ಆದರೆ ಹುಡುಗರನ್ನು ದೂರಬೇಡಿ. ಜರ್ಮನ್ ಮಾಲೀಕರು ನಿಮಗಿಂತ ಉದಾರಿಗಳೂ ಅಲ್ಲ. ಅವರ ಸುತ್ತಲಿನ ಕಟ್ಟುಪಾಡು ಬೇರೆ.

ಅಲ್ಲಿ ಈ ಕೆಲಸದ ತರಬೇತಿ ಮೂರೂವರೆ ವರ್ಷ. ವಾರಕ್ಕೆ ಮೂರು-ನಾಲ್ಕು ದಿನ ಕಾರ್ಖಾನೆ, ಒಂದೆರಡು ದಿನ ವೃತ್ತಿಶಾಲೆ. 1969ರ ಕಾಯ್ದೆಯಡಿ ಪಠ್ಯ ದೇಶಕ್ಕೆಲ್ಲ ಒಂದೇ. ಪರೀಕ್ಷೆ ಮಾಲೀಕನ ಕೈಯಲ್ಲಿಲ್ಲ. ಕಂಪನಿಗಳು ಕಡ್ಡಾಯವಾಗಿ ಸದಸ್ಯರಾಗಬೇಕಾದ ವಾಣಿಜ್ಯ ಮಂಡಳಿ ಅದನ್ನು ನಡೆಸುತ್ತದೆ. ಪರೀಕ್ಷಕರಲ್ಲಿ ಮಾಲೀಕರು, ಕಾರ್ಮಿಕರು, ಶಿಕ್ಷಕರು ಮೂವರೂ ಇರುತ್ತಾರೆ. ಹುಡುಗನನ್ನು ವರ್ಷಗಟ್ಟಲೆ ಬರೀ ಡಿಬರಿಂಗಿಗೆ (ಕೊರೆದ ಲೋಹದ ಚೂಪು ಅಂಚು ಉಜ್ಜುವ ಕೆಲಸ) ಕೂರಿಸಿದ ಕಂಪನಿಯ ಬಣ್ಣ ಅಲ್ಲಿ ಬಯಲಾಗುತ್ತದೆ.

ಅಂಥ ಸರ್ಟಿಫಿಕೇಟ್ ಇದ್ದರೆ ಹಾರಿಹೋಗುವುದು ಇನ್ನೂ ಸುಲಭವಲ್ಲವೇ? ಹೌದು. ತಡೆಯುವುದು ಸಂಬಳದ ಒಪ್ಪಂದ. ಐಜಿ ಮೆಟಾಲ್ ಕಾರ್ಮಿಕ ಸಂಘವೂ ಮಾಲೀಕರ ಒಕ್ಕೂಟವೂ ಪ್ರಾಂತ್ಯದ ಲೋಹೋದ್ಯಮಕ್ಕೆ ದರ್ಜೆವಾರು ಸಂಬಳ ಗೊತ್ತುಮಾಡುತ್ತವೆ. ಪಕ್ಕದ ಗೇಟಿನಲ್ಲೂ ಹೆಚ್ಚುಕಡಿಮೆ ಅದೇ ಸಂಬಳವಾದರೆ ಜಿಗಿಯುವ ಆಸೆ ಕಡಿಮೆ. (ಈಚೆಗೆ ಇಂಥ ಒಪ್ಪಂದಗಳ ವ್ಯಾಪ್ತಿ ದೇಶದ ಸುಮಾರು ಅರ್ಧದಷ್ಟು ನೌಕರರಿಗೆ ಇಳಿದಿದೆ, ಅಲ್ಲೂ ಕಟ್ಟು ಸಡಿಲಾಗಿದೆ.) ಅಮೆರಿಕದಲ್ಲಿ ಸಂಬಳ ಬಹುಪಾಲು ಕಂಪನಿಗೊಂದು, ಹಾಗಾಗಿ ಕಲಿತವರು ಹಾರಿಹೋಗುವ ಭಯಕ್ಕೆ ಕಂಪನಿಗಳು ಕಲಿಸಲು ಹಿಂಜರಿಯುತ್ತವೆ. ಅದಕ್ಕೇ ಯುವಕರು ಎಲ್ಲೆಡೆ ಸಲ್ಲುವ ಕಾಲೇಜು ಪದವಿಗೆ ಸ್ವಂತ ದುಡ್ಡು ಸುರಿಯುತ್ತಾರೆ. ಸಾಫ್ಟ್‌ವೇರಿಗೆ ಅದು ಒಗ್ಗಿತು, ಲೇತಿಗೆ ಅಷ್ಟು ಒಗ್ಗಲಿಲ್ಲ. ಬ್ರಿಟನ್ 1964ರಲ್ಲಿ ಮೂರನೆಯ ದಾರಿ ಹಿಡಿಯಿತು: ಉದ್ಯಮದ ಎಲ್ಲರಿಂದ ವಂತಿಗೆ, ಕಲಿಸಿದವರಿಗೆ ಅದರಿಂದ ಅನುದಾನ. ಇದನ್ನು ನಡೆಸುತ್ತಿದ್ದ ತರಬೇತಿ ಮಂಡಳಿಗಳನ್ನು 1980ರ ದಶಕದಲ್ಲಿ ಬಹುಪಾಲು ಮುಚ್ಚಿದರು.

ನಮ್ಮ 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವಲ್ಲಿ ಶೇ. 2.5ರಿಂದ 15ರಷ್ಟು ಅಪ್ರೆಂಟಿಸರು ಕಡ್ಡಾಯ. ನಿಮಗೆ ಅದು ಐಚ್ಛಿಕ. ಕಾಯ್ದೆ ತಲೆ ಎಣಿಸುತ್ತದೆ. ಕಲಿಸಿದವನ ಖರ್ಚನ್ನು ಕರೆದೊಯ್ದವನಿಂದ ವಸೂಲು ಮಾಡುವುದಿಲ್ಲ. ನಮ್ಮ ದೊಡ್ಡ ಕೊರತೆ ಇದೇ.

ಸದ್ಯಕ್ಕೆ ಭೋಸರಿಯ ನಾಲ್ಕೈದು ಶಾಪಿನವರು ಸೇರಿ ಒಂದೇ ಪಠ್ಯ ಮಾಡಿಕೊಳ್ಳಿ. ಡ್ರಾಯಿಂಗ್ ಓದುವುದು, ಆಫ್‌ಸೆಟ್ ಹಾಕುವುದು (ಉಪಕರಣದ ಅಳತೆಯನ್ನು ಯಂತ್ರಕ್ಕೆ ಹೊಂದಿಸುವುದು), ಮೈಕ್ರೋಮೀಟರ್ ಅಳತೆ ಇವನ್ನು ಆರು ತಿಂಗಳಿಗೊಮ್ಮೆ ಇನ್ನೊಂದು ಶಾಪಿನ ಸೂಪರ್‌ವೈಸರ್ ಪರೀಕ್ಷಿಸಲಿ. ಪಾಸಾದರೆ ಎಷ್ಟು ಏರಿಕೆ ಎಂಬುದನ್ನು ಸೇರುವ ದಿನವೇ ಬರೆದುಕೊಡಿ. ಮೂಲ ಅಂಕಪಟ್ಟಿ ಒತ್ತೆ ಇಟ್ಟುಕೊಳ್ಳುವ ಚಾಳಿ ಬೇಡ; ಜಾಣ ಹುಡುಗರು ಬರುವುದನ್ನೇ ಬಿಡುತ್ತಾರೆ. ಮಾಲೀಕರಷ್ಟೇ ಕೂತು ಸಂಬಳಕ್ಕೆ ಮಿತಿ ಹಾಕುವುದೂ ಬೇಡ. ಜರ್ಮನಿಯಲ್ಲಿ ಆ ಮೇಜಿನ ಇನ್ನೊಂದು ಬದಿಗೆ ಕಾರ್ಮಿಕ ಸಂಘ ಕೂತಿರುತ್ತದೆ.

— ಸಂ.