ಸುಟ್ಟಿದ್ದು ಕಾಲು, ಕಿಡ್ನಿಗೆ ಯಾಕೆ ಏಟು?

ಪ್ರಶ್ನೆ: ಡಾಕ್ಟ್ರೇ, ನಮ್ದು ತೀರ್ಥಹಳ್ಳಿ ಕಡೆ. ಅಡಿಕೆ ಬೇಯಿಸ್ತಿದ್ದಾಗ ಹಂಡೆ ಮಗುಚಿ ಕುದಿಯೋ ಚೊಗರು (ಅಡಿಕೆ ಬೇಯಿಸಿದ ಕೆಂಪು ನೀರು) ಬಿದ್ದು ನಮ್ಮನೆಯವರ ಅಣ್ಣಂಗೆ ಕಾಲು, ಹೊಟ್ಟೆ ಎಲ್ಲ ಸುಟ್ಟೋಯ್ತು, 30 ಪರ್ಸೆಂಟ್ ಅಂದ್ರು. ಗಾಡಿ ಸಿಕ್ಕಿ ಶಿವಮೊಗ್ಗ ಮುಟ್ಟೋವಾಗ ನಾಲ್ಕು ತಾಸಾಗಿತ್ತು. ಈಗ ಐದನೇ ದಿನ, ಉಚ್ಚೆ ಕಮ್ಮಿ, ಕಿಡ್ನಿ ಸೋತ್ರೆ ರಕ್ತದಲ್ಲಿ ಏರುತ್ತಂತಲ್ಲ, ಆ ಕ್ರಿಯಾಟಿನಿನ್ 2.4, ಡಯಾಲಿಸಿಸ್ ಬೇಕಾಗ್ಬಹುದು ಅಂತಿದಾರೆ. ಸುಟ್ಟಿದ್ದು ಕಾಲಲ್ವಾ? ಡಯಾಲಿಸಿಸ್ ಶುರುವಾದ್ರೆ ಜೀವಮಾನವಿಡೀ ಮಾಡಿಸ್ಬೇಕಾ? ಎಳನೀರು ಕೊಡ್ಬಹುದಾ?

ಉತ್ತರ: ನಿಮ್ಮ ಗಾಬರಿ ಅರ್ಥ ಆಗುತ್ತಮ್ಮಾ. ಇಷ್ಟು ಸುಟ್ಟಾಗ ಪೆಟ್ಟು ಚರ್ಮಕ್ಕೆ ಮಾತ್ರ ಅಲ್ಲ, ಮೈಯೆಲ್ಲಾ ಇರೋ ಸಣ್ಣ ರಕ್ತನಾಳಗಳು ಸೋರೋಕೆ ಶುರುವಾಗಿ ರಕ್ತದಲ್ಲಿರೋ ನೀರು ಹೊರಗೆ ಬಂದು ಮೈ ಊದ್ಕೊಳುತ್ತೆ, ರಕ್ತನಾಳದ ಒಳಗೆ ಮಾತ್ರ ನೀರು ಕಮ್ಮಿಯಾಗಿ ಕಿಡ್ನಿಗೆ ರಕ್ತ ಸಾಲದೇ ಹೋಗುತ್ತೆ. ಅದಕ್ಕೇ ಡ್ರಿಪ್. ಲೆಕ್ಕ ಹೀಗೆ: 60 ಕೆಜಿ ತೂಕ, ಮೈಯಲ್ಲಿ 30 ಪರ್ಸೆಂಟ್ ಸುಟ್ಟಿದ್ರೆ, ಒಂದು ಕೆಜಿಗೆ ಒಂದು ಪರ್ಸೆಂಟಿಗೆ 4 ಎಂಎಲ್‌ನಂತೆ 4×60×30, ಅಂದ್ರೆ ಮೊದಲ 24 ತಾಸಿಗೆ 7.2 ಲೀಟರ್, ಅದರಲ್ಲಿ ಅರ್ಧ ಮೊದಲ 8 ತಾಸಲ್ಲಿ. ಆ 8 ತಾಸು ಸುಟ್ಟ ಹೊತ್ತಿಂದ ಎಣಿಸೋದು, ಆಸ್ಪತ್ರೆಗೆ ಬಂದ ಹೊತ್ತಿಂದ ಅಲ್ಲ. ನಮ್ಮ ಮಲೆನಾಡಲ್ಲಿ ಅರ್ಧ ಹೊತ್ತು ದಾರಿಯಲ್ಲೇ ಕಳೆದೋಗುತ್ತೆ, ಅದು ನಿಮ್ಮ ತಪ್ಪಲ್ಲ. ಆದ್ರೆ ಯಾರಿಗೇ ಸುಡಲಿ, ಎಷ್ಟು ಗಂಟೆಗೆ ಸುಟ್ಟಿದ್ದು ಅಂತ ಒಂದು ಚೀಟಿಯಲ್ಲಿ ಬರ್ಕೊಂಡು ಹೋಗಿ.

ಲೆಕ್ಕ ಆರಂಭಕ್ಕಷ್ಟೇ, ಆಮೇಲೆ ದಾರಿ ತೋರಿಸೋದು ಉಚ್ಚೆನೇ. ಮೊದಲ ದಿನ ಗಂಟೆಗೆ ಕೆಜಿಗೆ ಅರ್ಧ ಎಂಎಲ್, 60 ಕೆಜಿಯವರಿಗೆ ಸುಮಾರು 30 ಎಂಎಲ್ ಬರ್ತಿರಬೇಕು, ನರ್ಸು ಮಂಚದ ಕೆಳಗಿನ ಚೀಲ ಗಂಟೆಗೊಮ್ಮೆ ಬಗ್ಗಿ ನೋಡೋದು ಅದಕ್ಕೇ. ಈಗ ಐದನೇ ದಿನ ಅಂದ್ರೆ ಮೊದಲಿನ ನೀರಿನ ಕೊರತೆ ಜೊತೆಗೆ ಗಾಯದ ಸೋಂಕು ರಕ್ತಕ್ಕೆ ಸೇರಿರ್ಬಹುದು, ಇಲ್ಲಾ ಯಾವುದಾದ್ರೂ ಔಷಧಿ ಕಿಡ್ನಿಗೆ ಭಾರ ಆಗಿರ್ಬಹುದು. ನೋವಿನ ಮಾತ್ರೆ, ಡೈಕ್ಲೋಫೆನಾಕ್ ಇಂಜೆಕ್ಷನ್, ನಾಟಿ ಔಷಧಿ ಏನೇ ಕೊಟ್ಟಿದ್ರೂ ಮುಚ್ಚಿಡದೆ ಹೇಳಿ.

ಅಡಿಕೆ ಕೊಯ್ಯೋ ದೋಟಿ ಕರೆಂಟ್ ಲೈನಿಗೆ ತಾಗಿ ಸುಟ್ಟವರದ್ದು ಬೇರೆನೇ ಕತೆ. ಹೊರಗೆ ಗಾಯ ಸಣ್ಣದಿದ್ರೂ ಒಳಗೆ ಮಾಂಸಖಂಡ ಬೆಂದು ಅದರ ಬಣ್ಣ ಕಿಡ್ನಿಯಲ್ಲಿ ಕಟ್ಕೊಳುತ್ತೆ, ಉಚ್ಚೆ ಚೊಗರಿನ ಬಣ್ಣಕ್ಕೆ ತಿರುಗುತ್ತೆ. ಅಂಥೋರನ್ನ ಒಂದು ತಾಸೂ ಮನೇಲಿ ಇಟ್ಕೋಬೇಡಿ.

ಡಯಾಲಿಸಿಸ್‌ಗೆ ಹೆದರಬೇಡಿ. ಮೊದಲು ಕಿಡ್ನಿ ಚೆನ್ನಾಗಿದ್ದವರಿಗೆ ಇದು ಬಹಳ ಸಲ ಕೆಲವು ದಿನದ, ಕೆಲವು ವಾರದ ಆಸರೆ ಅಷ್ಟೇ, ಗಾಯ ಮಾಗಿ ಸೋಂಕು ಹಿಡಿತಕ್ಕೆ ಬಂದ್ರೆ ತುಂಬಾ ಜನರಲ್ಲಿ ಕಿಡ್ನಿ ಮತ್ತೆ ಕೆಲಸ ಶುರು ಮಾಡುತ್ತೆ. ಆದ್ರೆ ಕಾಯಿಲೆ ಸಣ್ಣದಲ್ಲ, ಜೀವಕ್ಕೇ ಅಪಾಯ ಇರೋ ಹಂತ ಇದು, ಡಾಕ್ಟ್ರು ಬೇಕು ಅಂದಾಗ ತಡ ಮಾಡಬೇಡಿ.

ಎಳನೀರು ಮಾತ್ರ ಬೇಡವೇ ಬೇಡ. ಅದರಲ್ಲಿ ಪೊಟ್ಯಾಶಿಯಮ್ ಜಾಸ್ತಿ, ಉಚ್ಚೆ ಕಟ್ಟಿದವರಿಗೆ ಅದು ಹೊರಗೆ ಹೋಗದೆ ರಕ್ತದಲ್ಲಿ ಏರಿ ಎದೆಬಡಿತನೇ ನಿಲ್ಲಿಸ್ಬಹುದು. ನೋಡೋಕೆ ಬರೋ ನೆಂಟರು ಪ್ರೀತಿಯಿಂದ ಎಳನೀರು, ಬಾಳೆಹಣ್ಣು ತರ್ತಾರೆ, ವಾರ್ಡಿನ ಬಾಗಿಲಲ್ಲೇ ಇಸ್ಕೊಂಡು ನೀವೇ ತಿನ್ನಿ, ಅವರ ಮಂಚದ ಹತ್ರ ಇಡಬೇಡಿ.