ನಾಸ್ತಿಕರ ದನಿ ಏರಿದ್ದು ಏಕೆ?

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: ‘ಹಿಂದಿನ ನಾಸ್ತಿಕರು ತಮ್ಮ ಪಾಡಿಗೆ ತಾವಿರುತ್ತಿದ್ದರು. ಇಂದಿನವರು ಊರಿಗೆಲ್ಲ ಕೇಳುವಂತೆ ಸಾರುತ್ತಾರೆ. ಇದು ಡಾರ್ವಿನ್ ಹಚ್ಚಿದ ಕಿಚ್ಚಲ್ಲವೇ? ನಮಗೂ ಇದಕ್ಕೂ ಏನು ಸಂಬಂಧ?’

ಸಂಪಾದಕರ ಉತ್ತರ:

ಡಾರ್ವಿನ್ನರ ತಲೆಗೆ ಇದನ್ನು ಕಟ್ಟಬೇಡಿ. ಜೀವವಿಕಾಸದ ಬಗೆಗಿನ ಅವರ ಗ್ರಂಥ ಹೊರಬಂದದ್ದು 1859ರಲ್ಲಿ. ಅದಕ್ಕೂ 17 ವರ್ಷ ಮೊದಲೇ ಇಂಗ್ಲೆಂಡಿನಲ್ಲಿ ಜಾರ್ಜ್ ಜೇಕಬ್ ಹೋಲಿಯೋಕ್ ದೈವನಿಂದೆಯ ಆರೋಪಕ್ಕೆ ಸಿಕ್ಕಿ ಆರು ತಿಂಗಳು ಸೆರೆಮನೆ ಕಂಡಿದ್ದರು. ಚೆಲ್ಟನ್‌ಹ್ಯಾಮ್‌ನಲ್ಲಿ ಅವರು ಅಂದು ಮಾತನಾಡುತ್ತಿದ್ದುದು ದೇವರ ಬಗ್ಗೆ ಅಲ್ಲ. ಬಡವರು ಒಟ್ಟಾಗಿ ದುಡಿದು ಬದುಕುವ ವಸಾಹತುಗಳ ಬಗ್ಗೆ. ಅಲ್ಲಿ ದೇವರಿಗೆ ಜಾಗವೆಲ್ಲಿ ಎಂದು ಸಭಿಕರೊಬ್ಬರು ಕೆಣಕಿದರು. ಚರ್ಚಿನ ಖರ್ಚನ್ನು ಜನ ತಾಳಲಾರರು, ಕೆಲಸವಿಲ್ಲದ ಸೇನಾಧಿಕಾರಿಗಳನ್ನು ಇಟ್ಟಂತೆ ದೇವರನ್ನೂ ಅರ್ಧ ಸಂಬಳದ ಮೇಲೆ ಇಡೋಣ ಎಂಬರ್ಥದಲ್ಲಿ ಹೋಲಿಯೋಕ್ ಉತ್ತರಿಸಿದರು. ಜೈಲಿಗೆ ಹೋಗಲು ಅಷ್ಟು ಸಾಕಾಯಿತು. ಅದು ಅನ್ನದ ಜಗಳ. ವಿಜ್ಞಾನ ಆಮೇಲೆ ಬಂದು ಸೇರಿಕೊಂಡಿತು.

ಚಾರ್ಲ್ಸ್ ಬ್ರಾಡ್ಲಾ ಎಂಬ ನಾಸ್ತಿಕರ ಕಥೆ ಇನ್ನೂ ಸ್ವಾರಸ್ಯದ್ದು. ಬೂಟು ಹೊಲಿಯುವವರ ಊರಾದ ನಾರ್ಥಾಂಪ್ಟನ್ 1880ರಲ್ಲಿ ಅವರನ್ನು ಪಾರ್ಲಿಮೆಂಟಿಗೆ ಆರಿಸಿತು. ಆಸನದಲ್ಲಿ ಕೂರಲು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬೇಕಿತ್ತು. ದೇವರ ಹೆಸರಿಲ್ಲದೆ ದೃಢೀಕರಿಸುತ್ತೇನೆ ಎಂದರು, ಸದನ ಒಪ್ಪಲಿಲ್ಲ. ಸರಿ, ಪ್ರಮಾಣವನ್ನೇ ಮಾಡುತ್ತೇನೆ ಎಂದರು, ನಂಬದವನ ಪ್ರಮಾಣ ಬೇಡವೆಂದು ಅದನ್ನೂ ತಡೆದರು. ಒಂದು ರಾತ್ರಿ ಪಾರ್ಲಿಮೆಂಟಿನ ಗಡಿಯಾರ ಗೋಪುರದಲ್ಲಿ ಕೂಡಿಹಾಕಿದರು, ಮರುವರ್ಷ ಹೊರಗೆ ದಬ್ಬಿದರು. ಮತದಾರರು ಮಾತ್ರ 1881, 1882, 1884ರ ಉಪಚುನಾವಣೆಗಳಲ್ಲಿ ಮತ್ತೆ ಮತ್ತೆ ಅವರನ್ನೇ ಗೆಲ್ಲಿಸಿದರು. ರಾಜಪ್ರಭುತ್ವವೇ ಬೇಡವೆನ್ನುವ ಮನುಷ್ಯ ಎಂಬುದೂ ಈ ಸಿಟ್ಟಿಗೆ ಕಾರಣವಾಗಿತ್ತು. 1882ರಲ್ಲಿ ತೀರಿಕೊಂಡ ಡಾರ್ವಿನ್ನರನ್ನು ಪಾರ್ಲಿಮೆಂಟಿನ ಎದುರಿನ ವೆಸ್ಟ್‌ಮಿನ್‌ಸ್ಟರ್ ಅಬೆ ಎಂಬ ಚರ್ಚಿನಲ್ಲೇ ಮಣ್ಣು ಮಾಡಿದರು. ಬ್ರಾಡ್ಲಾ ಆಗಲೂ ಬಾಗಿಲ ಹೊರಗೇ! ಕೊನೆಗೆ 1886ರಲ್ಲಿ ಆಸನ ಸಿಕ್ಕಿತು. 1888ರಲ್ಲಿ ದೃಢೀಕರಣದ ಕಾನೂನು ಬಂತು. ಬಾಗಿಲು ಮುಚ್ಚಿದವರೇ ಅವರನ್ನು ದೇಶಕ್ಕೆಲ್ಲ ಪರಿಚಯಿಸಿದರು ಎಂದರೆ ತಪ್ಪಾಗದು.

ಅಮೆರಿಕದಲ್ಲಿಯೂ ಮೊದಲು ಸರ್ಕಾರವೇ ಕೈಯಾಡಿಸಿತು. ಕಮ್ಯುನಿಸ್ಟರ ಮೇಲಿನ ಹಗೆಯ ಕಾಲದಲ್ಲಿ, 1954ರಲ್ಲಿ, ಶಾಲಾಮಕ್ಕಳು ಹೇಳುವ ಧ್ವಜನಿಷ್ಠೆಯ ಪ್ರತಿಜ್ಞೆಗೆ ದೇವರ ಹೆಸರನ್ನು ಸೇರಿಸಿತು. 2001ರ ಸೆಪ್ಟೆಂಬರ್ ದಾಳಿಯ ನಂತರ ಬಂದ ನಾಸ್ತಿಕರ ಪುಸ್ತಕಗಳ ಅಬ್ಬರವನ್ನು ನೀವು ನೆನೆಯುತ್ತಿರಬಹುದು. ಅವುಗಳಲ್ಲಿ ತರ್ಕವಿದೆ, ಚುರುಕಿದೆ. ಹೋಲಿಯೋಕರ ಸಭಿಕರ ಹಸಿವು ಮಾತ್ರ ಕಾಣುವುದಿಲ್ಲ. ನನಗೆ ಅವು ಅಷ್ಟಾಗಿ ಹಿಡಿಸದಿರುವುದು ಆ ಕಾರಣಕ್ಕೆ.

ಇನ್ನು ನಮಗಿರುವ ಸಂಬಂಧ. ಬ್ರಾಡ್ಲಾ 1889ರ ಮುಂಬಯಿ ಕಾಂಗ್ರೆಸ್ ಅಧಿವೇಶನಕ್ಕೆ ಬಂದಿದ್ದರು. ಭಾರತೀಯರ ಪರ ಪಾರ್ಲಿಮೆಂಟಿನಲ್ಲಿ ವಾದಿಸುತ್ತಿದ್ದರು. 1891ರಲ್ಲಿ ನಡೆದ ಅವರ ಅಂತ್ಯಕ್ರಿಯೆಗೆ ಹೋದವರಲ್ಲಿ ಲಂಡನ್ನಿನಲ್ಲಿ ಓದುತ್ತಿದ್ದ ಗಾಂಧಿಯೂ ಒಬ್ಬರು. ನಮ್ಮ ಸಂವಿಧಾನದ ಮೂರನೇ ಅನುಸೂಚಿ ‘ದೇವರ ಹೆಸರಿನಲ್ಲಿ’ ಎನ್ನಲೂ ಬಿಡುತ್ತದೆ, ಬರಿದೇ ದೃಢೀಕರಿಸಲೂ ಬಿಡುತ್ತದೆ. ನಮ್ಮ ಶಾಸಕರಲ್ಲಿ ಕೆಲವರು ಕುಲದೇವರನ್ನೂ ರೈತರನ್ನೂ ಜೊತೆಗೆ ಸೇರಿಸಿಕೊಳ್ಳುತ್ತಾರೆ. ಅದಕ್ಕೆ ಬ್ರಾಡ್ಲಾ ಹೊಣೆಯಲ್ಲ.